ಈ ಕೆಂಪು ನಮ್ಮ ತೊಟ್ಟಿಯದಲ್ಲ

"ಈ ಕೆಂಪು ಯಾರದ್ದು?"

ಪ್ರಶ್ನೆ ಕೇಳಿ ಸ್ಯಾಂಪಲ್ ಮೇಜಿನ ಹುಡುಗಿ ಗಾಬರಿಯಿಂದ ತಿರುಗಿದಳು.

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಗೆ ಅವತ್ತೇ ಬೆಳಿಗ್ಗೆ ಸೇರಿದ ಹೊಸ ಡೈಯಿಂಗ್ ಮಾಸ್ಟರ್ ಅವನು. ಹಬೆಯಾಡುವ ತೊಟ್ಟಿಗಳ ಸಾಲು ದಾಟಿ ಸ್ಯಾಂಪಲ್ ಮೇಜಿನ ಹತ್ತಿರ ಬಂದವನೇ, ನೆಲಕ್ಕೆ ಬಿದ್ದಿದ್ದ ಕರ್ಚೀಫ್ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಬಿಳಿ ಬಟ್ಟೆಯ ನಡುವೆ ಕಾಸಿನಗಲ ಕೆಂಪು ಕಲೆ.

"ನನ್ನದು. ಕೊಡಿ ಇಲ್ಲಿ."

"ಕರ್ಚೀಫ್ ನಿಮ್ಮದು, ಒಪ್ಪಿದೆ. ಕೆಂಪು ಯಾರದ್ದು ಅಂತ ಕೇಳಿದೆ. ಇದು ನಮ್ಮ ತೊಟ್ಟಿಯದಲ್ಲ."

"ಬೆಳಿಗ್ಗೆ ಬಂದಿದೀರಿ, ಆಗಲೇ 'ನಮ್ಮ ತೊಟ್ಟಿ' ಆಗೋಯ್ತಾ?"

ಸುತ್ತ ನಿಂತವರು ಕಿಸಕ್ಕೆಂದರು. ಅವನಿಗೂ ನಗು ಬಂತು. ಆದರೆ ಕಣ್ಣು ಮಾತ್ರ ಕರ್ಚೀಫಿನ ಮೇಲೇ ಇತ್ತು.

"ಇಲ್ಲಿರೋ ಕೆಂಪೆಲ್ಲ ನೋಡಿಕೊಂಡೇ ಬಂದೆ. ಇಂಥದ್ದು ಒಂದೂ ಇಲ್ಲ. ಎಷ್ಟು ಜೀವ ಇದೆ ನೋಡಿ ಇದರಲ್ಲಿ!"

"ಮನೇಲಿ ಹಳೇ ಪರದೆಗೆ ಬಣ್ಣ ಹಾಕ್ತಿದ್ದೆ... ಅದು ತಾಗಿದೆ, ಅಷ್ಟೇ."

ಕೈಯಿಂದ ಕಿತ್ತುಕೊಂಡಳು. ಆ ಗಡಿಬಿಡಿಯಲ್ಲಿ ಬೆರಳಿಗೆ ಬೆರಳು ತಾಗಿತು. ಅವಳ ಬೆರಳಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಎಲ್ಲವೂ ಮೆತ್ತಿತ್ತು. ಯಾವಾಗ ನೋಡಿದರೂ ಚಿಟ್ಟೆ ಹಿಡಿದು ಬಿಟ್ಟ ಕೈಯ ಹಾಗೇ ಇರುತ್ತಿದ್ದುದರಿಂದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚಿಟ್ಟೆ ಎಂದೇ ಕರೆಯುತ್ತಿದ್ದರು.

"ಹಾಗಾದ್ರೆ ಆ ಬಣ್ಣ ನನಗೂ ಒಂದು ದಿನ ಕಲಿಸಿಕೊಡಿ," ಎಂದು ಅವನು ಹೊರಟುಹೋದ.

ಚಿಟ್ಟೆ ಕರ್ಚೀಫನ್ನು ಮುಷ್ಟಿಯಲ್ಲಿ ಹಿಂಡಿಕೊಂಡಳು. 'ಅಯ್ಯೋ ದೇವರೇ... ಇವನ ಕಣ್ಣಿಗಾ ಬೀಳಬೇಕಿತ್ತು!'

ಅದು ಬಣ್ಣವಲ್ಲ. ಅದು ಅವಳ ರಕ್ತ. ಕೆಮ್ಮಿನ ಜೊತೆ ಎದೆಯೊಳಗಿಂದ ಬಂದದ್ದು.

ಬೇರೆ ಯಾರೇ ಆಗಿದ್ದರೂ ಮೊದಲ ನೋಟಕ್ಕೇ ಗುರುತು ಹಿಡಿಯುತ್ತಿದ್ದರು. ಆದರೆ ಬಣ್ಣದವರ ಕಥೆಯೇ ಬೇರೆ ನೋಡಿ. ಚಡ್ಡಿ ಹಾಕುವ ವಯಸ್ಸಿನಿಂದ ತೊಟ್ಟಿಯ ಪಕ್ಕದಲ್ಲೇ ಬೆಳೆದವರಿಗೆ ಕೆಂಪು ಎಂದರೆ ಬಣ್ಣವೇ. ಅಂಗಿಯ ಮೇಲೆ ಕೆಂಪು, ಚಪ್ಪಲಿಯ ಮೇಲೆ ಕೆಂಪು, ಟೀ ಲೋಟದ ಹಿಡಿಯ ಮೇಲೂ ಕೆಂಪು. ಅಲ್ಲಿ ಯಾರಿಗೂ ರಕ್ತದ ಯೋಚನೆ ಬರುವುದೇ ಇಲ್ಲ. ಅದು ಗೊತ್ತಿದ್ದೇ ಚಿಟ್ಟೆ ಹಟ ಹಿಡಿದು ಕೆಂಪಿನ ಮೇಜು ಕೇಳಿ ಪಡೆದಿದ್ದಳು!

ಕಾಲೇಜು ಓದುವಾಗ ಅವಳಿಗೆ ಟಿ.ಬಿ. ಬಂದಿತ್ತು. ಔಷಧಿಯನ್ನು ಒಂದು ದಿನವೂ ತಪ್ಪಿಸದೆ ನುಂಗಿ ಪೂರ್ತಿ ವಾಸಿಯಾಗಿದ್ದಳು. ಆಮೇಲೆ ಮದುವೆ ಗೊತ್ತಾಯಿತು. ಗಂಡಿನ ಮನೆಯವರ ಕಿವಿಗೆ ಹಳೆಯ ವಿಷಯ ಯಾರೋ ಊದಿದರು. ಸಂಬಂಧ ಮುರಿಯಿತು. ಹುಡುಗ ಅವಳ ಮನೆಯಲ್ಲಿ ನೀರು ಕುಡಿದಿದ್ದಕ್ಕೆ ಪರೀಕ್ಷೆ ಮಾಡಿಸಿಕೊಂಡನಂತೆ ಎಂಬ ಸುದ್ದಿಯೂ ಬಂತು. ಆ ದಿನ ಅಮ್ಮ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದಳು.

ಈಗ ವರ್ಷಗಳ ಮೇಲೆ ಮತ್ತೆ ಕೆಮ್ಮು, ಮತ್ತೆ ರಕ್ತ.

"ಪುಟ್ಟೀ, ಯಾರ ಹತ್ರಾನೂ ಬಾಯಿ ಬಿಡಬೇಡ," ಎಂದಿದ್ದಳು ಅಮ್ಮ. "ಆ ಖಾಯಿಲೆ ಮತ್ತೆ ಬಂತು ಅಂತ ಗೊತ್ತಾದ್ರೆ ಕೆಲಸಾನೂ ಹೋಗುತ್ತೆ, ಮರ್ಯಾದೇನೂ ಹೋಗುತ್ತೆ. ಸಿರಪ್ ಕುಡಿ, ತಾನಾಗೇ ಕಡಿಮೆ ಆಗುತ್ತೆ."

ಹಾಗಾಗಿ ಕೆಮ್ಮು ಬಂದರೆ ನುಂಗುವುದು, ರಕ್ತ ಬಂದರೆ ಮಡಚಿ ಬಚ್ಚಿಡುವುದು, ಮನೆಗೆ ಬಂದ ಮೇಲೆ ಕಿಟಕಿ ಮುಚ್ಚಿಕೊಂಡು ಕೆಮ್ಮುವುದು! ತನ್ನದೇ ದೇಹದೊಳಗೆ ತಾನೇ ಕಳ್ಳತನದಿಂದ ಬದುಕುವುದು... ಎಷ್ಟು ದಿನ ಅಂತ?

ಇದೇ ಸಾಲದು ಎನ್ನುವ ಹಾಗೆ ಪ್ರೀತಿ ಬೇರೆ ಬಂದು ಕುಳಿತಿತು!

ಮಾಸ್ಟರ್ ಮುಂಗೋಪಿ. ಶೇಡ್ ಒಂದು ಕೂದಲು ಆಚೀಚೆಯಾದರೂ ಬಟ್ಟೆ ಎಸೆದುಬಿಡುತ್ತಿದ್ದ. ಐದೇ ನಿಮಿಷಕ್ಕೆ ತಾನೇ ಎತ್ತಿಕೊಂಡು ಬಂದು, "ಸಿಟ್ಟು ಬಟ್ಟೆ ಮೇಲೆ, ನಿಮ್ಮ ಮೇಲಲ್ಲ," ಎನ್ನುತ್ತಿದ್ದ.

"ಬಟ್ಟೆಗೂ ಹಾಗೆ ಹೇಳಿಬಿಡಿ, ಪಾಪ ಬೇಜಾರು ಮಾಡ್ಕೊಂಡಿದೆ," ಎನ್ನುತ್ತಿದ್ದಳು ಚಿಟ್ಟೆ.

ಅವನು ನಿಜವಾಗಿಯೂ ಬಟ್ಟೆಗೆ ಕೈಮುಗಿಯುತ್ತಿದ್ದ. ಇಂಥ ಗಂಡಸನ್ನು ಪ್ರೀತಿಸದೆ ಇರುವುದು ಹೇಗೆ, ನೀವೇ ಹೇಳಿ!

ಸ್ಯಾಂಪಲ್ ತುಂಡುಗಳನ್ನು ಇಬ್ಬರೂ ಒಂದೇ ಕಿಟಕಿಯ ಬೆಳಕಲ್ಲಿ ನೋಡಬೇಕಿತ್ತು. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಅವನು ಹತ್ತಿರ ಬಂದಾಗಲೆಲ್ಲ ಅವಳು ಮುಖ ಆ ಕಡೆ ತಿರುಗಿಸಿ ಉಸಿರು ಬಿಗಿಹಿಡಿಯುತ್ತಿದ್ದಳು. 'ನನ್ನ ಉಸಿರು ಇವರಿಗೆ ತಾಗಿಬಿಟ್ಟರೆ?' ಪ್ರೀತಿಸುವವನ ಪಕ್ಕದಲ್ಲಿ ಉಸಿರಾಡಲಿಕ್ಕೂ ಹೆದರುವುದೆಂದರೆ ಏನು ಕಷ್ಟ ಎಂದು ಅವಳೊಬ್ಬಳಿಗೇ ಗೊತ್ತಿತ್ತು.

ಅವನಿಗೆ ಅದು ಬೇರೆ ಥರ ಕಾಣಿಸಿತ್ತು. 'ನಾನು ಹತ್ತಿರ ಬಂದ್ರೆ ಇವಳಿಗೆ ಇಷ್ಟ ಇಲ್ವೇನೋ...'

ಆದರೂ ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟ.

"ಸಂಜೆ ಕೆಲಸ ಮುಗಿದ ಮೇಲೆ ಒಂಚೂರು ಇರ್ತೀರಾ? ಒಂದು ಮಾತು ಕೇಳಬೇಕಿತ್ತು."

"ಏನು ಮಾತು?"

"ಸಂಜೆ ಕೇಳ್ತೀನಿ."

ಅವನ ಕಿವಿ ಕೆಂಪಾಗಿತ್ತು. ಚಿಟ್ಟೆಗೆ ಅರ್ಥವಾಗದೆ ಇರುತ್ತದೆಯೇ? ದಿನವಿಡೀ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುಕ್ಷಣವೇ ಯೋಚನೆ ಹತ್ತಿತು. 'ಕೇಳಿದರೆ ಏನು ಹೇಳಲಿ? ಹೂಂ ಅಂದರೆ ಮೋಸ. ಊಹೂಂ ಅಂದರೆ... ಸತ್ತ ಹಾಗೇ.'

ಸಂಜೆ ಎಲ್ಲರೂ ಹೋದ ಮೇಲೆ ಸ್ಯಾಂಪಲ್ ಮೇಜಿನ ಬಳಿ ಕಾದು ನಿಂತಳು. ಆ ಹೊತ್ತಿಗೇ ಕೆಮ್ಮು ಒತ್ತರಿಸಿಕೊಂಡು ಬರಬೇಕೇ! ಕರ್ಚೀಫ್ ಬಾಯಿಗೆ ಒತ್ತಿದಳು. ಬಿಸಿಬಿಸಿಯಾಗಿ ಬಂತು, ಯಾವತ್ತಿಗಿಂತ ಜಾಸ್ತಿ.

ಹಿಂದೆ ಹೆಜ್ಜೆ ಸಪ್ಪಳ. ತಿರುಗಿದಳು. ಅವನ ಮುಖ ನೋಡಿದರೆ, ಬೆಳಗಿನ ಮಾಸ್ಟರ್ ಇವನೇನಾ ಅನ್ನಿಸಿತು.

"ದೊಡ್ಡ ಪರದೆ ಆರ್ಡರ್ ಎದುರು ಬೀದಿ ಕಾರ್ಖಾನೆ ಪಾಲಾಯ್ತು," ಎಂದ. "ಅವರು ಒಂದು ಕೆಂಪು ತೋರಿಸಿದ್ರಂತೆ. ಇಂಥ ಕೆಂಪು ಎಲ್ಲೂ ನೋಡಿಲ್ಲ ಅಂದ್ರಂತೆ ಗಿರಾಕಿ. ಮಾಲೀಕರು ನನ್ನ ಮುಖಕ್ಕೆ ಉಗಿದು ಕಳಿಸಿದ್ರು."

"ಅದಕ್ಕೆ..."

"ಕೈಯಲ್ಲಿ ಏನು?"

"ಏನಿಲ್ಲ."

"ತೆಗೀರಿ ಕೈ!"

ಅವನೇ ಮುಷ್ಟಿ ಬಿಡಿಸಿದ. ಅದೇ ಕೆಂಪು. ಮೊದಲ ದಿನ ಅವನನ್ನು ಮರುಳು ಮಾಡಿದ್ದ ಕೆಂಪು.

"ನೀವೇ ಅಲ್ವಾ? ಮನೇಲಿ ಅವರಿಗೆ ಬಣ್ಣ ಕೂಡಿಸಿ ಕೊಡ್ತಿದ್ದೋರು ನೀವೇ ಅಲ್ವಾ? ಹತ್ತಿರ ಬಂದ್ರೆ ಮುಖ ತಿರುಗಿಸ್ತಿದ್ದಿದ್ದು ಇದಕ್ಕೇನಾ? ಹೇಳಿ! ಇಲ್ಲ ಅಂತ ಹೇಳಿ, ನಾನು ನಂಬ್ತೀನಿ!"

ಇಲ್ಲ ಎಂದರೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ: ಹಾಗಾದರೆ ಇದೇನು? ಅದಕ್ಕೆ ಉತ್ತರ ಹೇಳಿದ ಕ್ಷಣ ಅವನು ಕರ್ಚೀಫ್ ಕೆಳಗೆ ಬಿಟ್ಟು ಕೈ ತೊಳೆಯಲು ಓಡುತ್ತಾನೆ. ಆ ದೃಶ್ಯ ಅವಳ ಕಣ್ಣೆದುರು ಬಂದೇಬಿಟ್ಟಿತು. ಹಿಂದೊಬ್ಬ ಹಾಗೇ ಓಡಿದ್ದ. ಇವನೂ ಓಡಿದರೆ ತಡೆದುಕೊಳ್ಳಲಾರೆ...

"ಹೌದು," ಎಂದಳು. "ನಾನೇ."

ಅವನು ಕರ್ಚೀಫ್ ಹಿಡಿದುಕೊಂಡೇ ಮುಖ ತಿರುಗಿಸಿದ. ಬೈದಿದ್ದರೆ ಚೆನ್ನಾಗಿತ್ತು.

"ನಾಳೆಯಿಂದ ಬರಲ್ಲ," ಎಂದು ಚೀಲ ಎತ್ತಿಕೊಂಡು ಹೊರಟಳು. ಗೇಟು ದಾಟುವವರೆಗೂ ಕೆಮ್ಮು ನುಂಗಿದಳು. ಕರ್ಚೀಫ್ ಅವನ ಕೈಯಲ್ಲೇ ಉಳಿದದ್ದು ಮನೆಗೆ ಬಂದ ಮೇಲೆ ನೆನಪಾಯಿತು.

ಆಮೇಲಿನ ದಿನಗಳು ಒಂದೇ ಕೋಣೆಯಲ್ಲಿ ಕಳೆದವು. ಅಕ್ಕಪಕ್ಕದವರಿಗೆ ಕೇಳಿಸಬಾರದು ಎಂದು ಅಮ್ಮ ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿದ್ದಳು. ಗಾಳಿಯಾಡದ ಕೋಣೆ, ಗಾಳಿ ಸಾಲದ ಎದೆ. ಮಲಗಿದರೆ ಕೆಮ್ಮು, ಎದ್ದರೆ ಸುಸ್ತು. ಅಮ್ಮ ಬಾಗಿಲು ಸಂದಿಯಿಂದ ಬೀದಿ ನೋಡುತ್ತಾ, ಮಗಳ ಮುಖ ನೋಡುತ್ತಾ ಒಳಗೊಳಗೇ ಬೇಯುತ್ತಿದ್ದಳು.

'ಅವರ ಕಣ್ಣಲ್ಲಿ ನಾನೀಗ ಕಳ್ಳಿ,' ಎಂದುಕೊಳ್ಳುತ್ತಿದ್ದಳು ಚಿಟ್ಟೆ. 'ಇರಲಿ. ಕಳ್ಳಿಯನ್ನು ಬೇಗ ಮರೀತಾರೆ.'

ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು.

"ಅವಳು ಇಲ್ಲ, ಊರಿಗೆ ಹೋಗಿದಾಳೆ," ಎಂದಳು ಅಮ್ಮ, ಬಾಗಿಲು ಪೂರ್ತಿ ತೆಗೆಯದೆ.

"ಅಮ್ಮಾ, ನಾನು ಕಾರ್ಖಾನೆ ಮಾಸ್ಟರ್. ಒಳಗೆ ಬರಲ್ಲ. ಇಲ್ಲೇ ನಿಂತು ಹೇಳಿ ಹೋಗ್ತೀನಿ."

ಅವನ ಧ್ವನಿ! ಚಿಟ್ಟೆ ಹಾಸಿಗೆಯ ಮೇಲೆ ಎದ್ದು ಕುಳಿತಳು.

"ಎದುರು ಕಾರ್ಖಾನೆಯವರ ಕೆಂಪು ತರಿಸಿ ನೋಡಿದೆ. ಎಲ್ಲಿಂದೆಲ್ಲಿಗೂ ಹೊಂದಲ್ಲ. ಈ ಕರ್ಚೀಫನ್ನ ಮಾಲೀಕರಿಗೆ ತೋರಿಸೋಕೆ ಮನಸ್ಸು ಬರಲಿಲ್ಲಮ್ಮ, ಮಡಚಿ ಜೇಬಲ್ಲಿ ಇಟ್ಕೊಂಡಿದ್ದೆ. ಇವತ್ತು ಬಿಡಿಸಿ ನೋಡಿದ್ರೆ..." ಅವನು ಅದನ್ನು ಬಿಡಿಸಿ ಬಾಗಿಲ ಸಂದಿಗೆ ಹಿಡಿದ. "ನಮ್ಮ ಕೆಂಪು ತೊಳೆದ್ರೆ ಗುಲಾಬಿ ಆಗುತ್ತೆ. ಬಿಸಿಲಿಗೆ ಹಾಕಿದ್ರೆ ಕಿತ್ತಳೆಗೆ ತಿರುಗುತ್ತೆ. ಜೇಬಲ್ಲಿ ಸುಮ್ನೆ ಇಟ್ಟಿದ್ದಕ್ಕೆ ಕಂದು ಆಗೋ ಕೆಂಪು ಒಂದೇ ಒಂದಮ್ಮ. ನಾನೆಂಥ ಕುರುಡ! ಅವರಿಗೆ ಏನಾಗಿದೆ? ಹೇಳೀಮ್ಮ, ಏನಾಗಿದೆ?"

ಅಮ್ಮ ತಿರುಗಿ ಕೋಣೆಯ ಕಡೆ ನೋಡಿದಳು.

ಚಿಟ್ಟೆ ಎದ್ದಳು. ಓಡಿಹೋಗಿ ಬಾಗಿಲು ಹಾಕಬೇಕೋ, ತೆಗೆಯಬೇಕೋ ಗೊತ್ತಾಗಲಿಲ್ಲ. ಎರಡು ಹೆಜ್ಜೆ ಇಟ್ಟದ್ದಷ್ಟೇ. ಎದೆಯೊಳಗೆ ಏನೋ ಸರಿದ ಹಾಗಾಯಿತು. ಈ ಸಲ ನುಂಗಲು ಆಗಲಿಲ್ಲ. ಕರ್ಚೀಫ್ ಸಾಲಲಿಲ್ಲ. ಅಂಗೈ ಸಾಲಲಿಲ್ಲ.

"ಪುಟ್ಟೀ!"

ಅಮ್ಮನ ಕೂಗಿಗೆ ಅವನು ಬಾಗಿಲು ತಳ್ಳಿಕೊಂಡು ಒಳನುಗ್ಗಿದ. ಕೈ ತೊಳೆಯಲು ಓಡುತ್ತಾನೆ ಎಂದು ಅವಳು ಹೆದರಿದ್ದ ಮನುಷ್ಯ, ಅವಳನ್ನು ಹಾಗೇ ಎತ್ತಿಕೊಂಡು ಬೀದಿಗೆ ಓಡಿದ. ಅವನ ಬಿಳಿ ಅಂಗಿ ಪೂರ್ತಿ ಕೆಂಪಾಗಿತ್ತು. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಅಮ್ಮ ಇಷ್ಟು ದಿನ ಯಾರಿಂದ ಬಚ್ಚಿಟ್ಟಿದ್ದಳೋ ಅವರೇ ಗಾಡಿ ತಂದು ನಿಲ್ಲಿಸಿದರು.

ಆಸ್ಪತ್ರೆಯಲ್ಲಿ ಮೊದಲು ರಕ್ತ ಕೊಟ್ಟರು. ತೊಡೆಯ ಸಂದಿನಿಂದ ಸಣ್ಣ ಕೊಳವೆ ಹಾಯಿಸಿ, ಎದೆಯೊಳಗೆ ಒಡೆದಿದ್ದ ನಾಳ ಮುಚ್ಚಿದರು. ಜೀವ ಉಳಿಯಿತು.

ಮಾರನೆಯ ಬೆಳಿಗ್ಗೆ ಸರ್ಜನ್ ಮೇಡಂ ಬಂದರು. ಕತ್ತರಿಸಿದ ಕೂದಲು, ಕತ್ತರಿಸಿದ ಹಾಗೇ ಮಾತು.

"ಟಿ.ಬಿ. ಮತ್ತೆ ಬಂದಿಲ್ಲ. ಪರೀಕ್ಷೆ ಮಾಡಿದೀವಿ," ಎಂದರು.

ಅಮ್ಮ, ಮಗಳು ಇಬ್ಬರೂ ಬಾಯಿ ತೆರೆದುಕೊಂಡು ನೋಡಿದರು.

"ಹಾಗಾದ್ರೆ ಇದು..."

"ಹಳೇ ಟಿ.ಬಿ. ವಾಸಿಯಾದಾಗ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಪೊಳ್ಳು ಉಳಿದಿದೆ. ಅದರೊಳಗೆ ಫಂಗಸ್ ಸೇರಿಕೊಂಡಿದೆ. ಬ್ರೆಡ್ ಮೇಲೆ ಬರುತ್ತಲ್ಲ ಬೂಷ್ಟು, ಆ ಜಾತಿ. ಗಾಳಿಯಲ್ಲಿ ಎಲ್ಲ ಕಡೆ ಇರುತ್ತೆ, ಎಲ್ಲರೂ ಉಸಿರಾಡ್ತೀವಿ. ಇವರಲ್ಲಿ ಅದಕ್ಕೆ ಖಾಲಿ ಕೋಣೆ ಸಿಕ್ಕಿದೆ. ಬೆಳೆದು ಉಂಡೆ ಕಟ್ಟಿದೆ."

"ಬೇರೆಯೋರಿಗೆ... ಅಂಟುತ್ತಾ ಡಾಕ್ಟ್ರೇ?" ಚಿಟ್ಟೆ ಕೇಳಿದಳು.

"ಇಲ್ಲ."

"ಪಕ್ಕದಲ್ಲಿ ಕೂತ್ರೆ? ಉಸಿರು ತಾಗಿದ್ರೆ?"

"ಇಲ್ಲಮ್ಮ. ಯಾರಿಗೂ ಅಂಟಲ್ಲ. ಯಾವತ್ತೂ ಅಂಟ್ತಿರಲಿಲ್ಲ."

ಚಿಟ್ಟೆ ಗೋಡೆಯ ಕಡೆ ತಿರುಗಿಕೊಂಡಳು. ಕಿಟಕಿಯ ಬೆಳಕಲ್ಲಿ ಬಿಗಿಹಿಡಿದ ಆ ಉಸಿರುಗಳೆಲ್ಲ ನೆನಪಾಗಿ ದುಃಖ ಉಕ್ಕಿ ಬಂತು. ಎಲ್ಲ ವ್ಯರ್ಥ... ಎಲ್ಲ ಸುಮ್ಮಸುಮ್ಮನೆ!

ಮೇಡಂ ಸ್ಕ್ಯಾನ್ ಚಿತ್ರಗಳನ್ನು ತೋರಿಸಿದರು. ಅಂಗಾತ ಮಲಗಿಸಿ ತೆಗೆದದ್ದು ಒಂದು, ಬೋರಲು ಮಲಗಿಸಿ ತೆಗೆದದ್ದು ಒಂದು. ಕಪ್ಪು ಪೊಳ್ಳಿನೊಳಗೆ ಬಿಳಿ ಉಂಡೆ. ಮೊದಲನೆಯದರಲ್ಲಿ ಬೆನ್ನಿನ ಕಡೆಗಿತ್ತು, ಎರಡನೆಯದರಲ್ಲಿ ಎದೆಯ ಕಡೆಗೆ ಉರುಳಿತ್ತು.

"ಮಾತ್ರೆ ಕೊಟ್ರೆ ಹೋಗಲ್ವಾ?" ಅಮ್ಮ ಕೇಳಿದಳು.

"ಔಷಧಿ ರಕ್ತದಲ್ಲಿ ಹೋಗುತ್ತೆ. ಆ ಉಂಡೆಗೆ ರಕ್ತದ ಸಂಪರ್ಕವೇ ಇಲ್ಲ, ಸುತ್ತ ಗೋಡೆ. ಈಗ ನಾಳ ಮುಚ್ಚಿರೋದು ತಾತ್ಕಾಲಿಕ, ಮತ್ತೆ ಒಡೀಬಹುದು. ಆಪರೇಷನ್ ಮಾಡಿ ಆ ಭಾಗವನ್ನೇ ತೆಗೀಬೇಕು. ಉಳಿದ ಶ್ವಾಸಕೋಶ ಚೆನ್ನಾಗಿದೆ, ಅದು ಸಾಕು. ಆದ್ರೆ ಹಳೇ ರೋಗದಿಂದ ಶ್ವಾಸಕೋಶ ಎದೆಗೂಡಿಗೆ ಅಂಟಿಕೊಂಡಿದೆ. ಬಿಡಿಸುವಾಗ ರಕ್ತ ಹೋಗುತ್ತೆ. ಅಪಾಯ ಇಲ್ಲ ಅಂತ ಸುಳ್ಳು ಹೇಳಲ್ಲ. ಮಾಡದೇ ಇದ್ರೆ ಅದಕ್ಕಿಂತ ಅಪಾಯ."

"ಬೇಡ," ಎಂದಳು ಚಿಟ್ಟೆ.

ಮೇಡಂ ಹೋದ ಮೇಲೂ ಅದೇ ಮಾತು. ಬೇಡ. ಸೀಳಿದ ಎದೆ ಹೊತ್ತುಕೊಂಡು ಯಾರ ಮುಂದೆ ನಿಲ್ಲಲಿ? ಟೇಬಲ್ ಮೇಲೇ ಹೋಗಿಬಿಟ್ಟರೆ ಅಮ್ಮನಿಗೆ ಯಾರು? ತೆರೆಯಲು ಬಾರದ ಗಾಜಿನ ಕಿಟಕಿ, ಮೂಗಿಗೆ ಆಕ್ಸಿಜನ್ ಕೊಳವೆ, ಕೈಗೆ ಸೂಜಿ. ಮನೆಯ ಕೋಣೆಯಿಂದ ಇಲ್ಲಿಗೆ ಬಂದದ್ದಷ್ಟೇ, ಬಾಗಿಲು ಎಲ್ಲೂ ತೆರೆದಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಅವನು ಕುಳಿತಿದ್ದಾನೆ ಎಂದು ನರ್ಸ್ ಹೇಳಿದಾಗಲೆಲ್ಲ, "ಮನೆಗೆ ಹೋಗೋಕೆ ಹೇಳಿ," ಎಂದು ಮಗ್ಗುಲಾಗುತ್ತಿದ್ದಳು. ಮಗ್ಗುಲಾದರೆ ಒಳಗೆ ಅದು ಉರುಳಿದ ಹಾಗೆ ಭಾಸವಾಗಿ ಮೈ ಜುಮ್ಮೆನ್ನುತ್ತಿತ್ತು.

ಕೊನೆಗೆ ಅವನು ಕೇಳದೆಯೇ ಒಳಗೆ ಬಂದ. ಬರಿಗೈಯಲ್ಲಿ.

"ಬರಬೇಡಿ ಅಂದಿದ್ದೆ."

"ಕೇಳಿಸ್ತು."

"ತಪ್ಪು ತಿಳ್ಕೊಂಡಿದ್ರಿ, ಸರಿಹೋಯ್ತು. ಕ್ಷಮಿಸಿದೀನಿ. ಪಾಪ ಅಂತ ಇಲ್ಲಿ ಕಾಯೋದು ಬೇಡ."

"ಪಾಪ ಅಂತ ಬಂದಿದ್ರೆ ಹಣ್ಣು ತರ್ತಿದ್ದೆ. ನಾನು ಬಂದಿರೋದು ಜಗಳ ಆಡೋಕೆ!"

ಚಿಟ್ಟೆ ಬೆರಗಾಗಿ ನೋಡಿದಳು. ಅವನ ಮೂಗಿನ ತುದಿ ಕೆಂಪಾಗಿತ್ತು, ಶೇಡ್ ತಪ್ಪಿದಾಗ ಆಗುವ ಹಾಗೆ.

"ನನ್ನ ಮುಂದೆ ಕಳ್ಳಿ ಆಗೋಕೆ ಒಪ್ಪಿದ್ರಿ. ರೋಗಿ ಆಗೋಕೆ ಒಪ್ಪಲಿಲ್ಲ! ಅಷ್ಟು ಕೀಳಾಗಿ ಕಂಡೆನಾ ನಾನು? ಅವತ್ತು ಸಂಜೆ ನಾನು ಏನು ಕೇಳಬೇಕು ಅಂತಿದ್ದೆ ಗೊತ್ತಾ ನಿಮಗೆ?"

"ಗೊತ್ತು," ಎಂದಳು ಮೆಲ್ಲಗೆ.

"ಗೊತ್ತಿದ್ದೂ 'ಹೌದು ನಾನೇ' ಅಂದ್ರಾ!"

"ಇನ್ನೇನು ಮಾಡಲಿ? ಕಳ್ಳಿ ಅಂದ್ರೆ ಬೈದು ಬಿಡ್ತೀರಿ. ಅದು ಅಂದ್ರೆ... ಹೆದರಿ ಬಿಡ್ತೀರಿ. ನೀವು ಹೆದರೋದನ್ನ ನೋಡೋ ಶಕ್ತಿ ನನಗಿರಲಿಲ್ಲ ರೀ!"

ಬಾಯಿ ತಪ್ಪಿ ಬಂದ ಆ 'ರೀ' ಇಬ್ಬರಿಗೂ ಕೇಳಿಸಿತು. ನಾಲಿಗೆ ಕಚ್ಚಿಕೊಂಡಳು. ಅವನ ಸಿಟ್ಟೆಲ್ಲ ಎಲ್ಲಿ ಹೋಯಿತೋ!

"ಹೆದರಿದೀನಿ," ಎಂದ ಅವನು ಮಂಚದ ಪಕ್ಕ ಕುಳಿತು. "ಜೀವ ಬಾಯಿಗೆ ಬಂದಿದೆ. ಖಾಯಿಲೆಗಲ್ಲ. ನೀವು 'ಬೇಡ' ಅಂತಿರೋದಕ್ಕೆ. ನಾನಂದ್ರೆ ಇಷ್ಟ ಇಲ್ಲದಿದ್ರೆ ಪರವಾಗಿಲ್ಲ, ಎದ್ದು ಹೋಗ್ತೀನಿ. ನನಗೋಸ್ಕರ ಅಂತ ಆಪರೇಷನ್‌ಗೆ ಒಪ್ಪಬೇಡಿ. ಆದ್ರೆ ನನ್ನಿಂದಾಗಿ ಬೇಡ ಅನ್ನಲೂಬೇಡಿ."

ಅವಳಿಗೆ ಅಳು ಬಂತು, ಅಳುವಿನ ಜೊತೆಗೆ ಕೆಮ್ಮು. ಅಭ್ಯಾಸದಂತೆ ತುಟಿ ಕಚ್ಚಿ ಅದನ್ನು ನುಂಗಿದಳು. ಅವನು ನೋಡಿದ.

"ಹೀಗೇನಾ? ಇಷ್ಟು ದಿನ ನನ್ನ ಪಕ್ಕ ನಿಂತು ಹೀಗೇ ನುಂಗ್ತಿದ್ರಾ?"

ಹೌದೆಂದು ತಲೆಯಾಡಿಸಿದಳು. ಅವನು ಮುಖ ಮುಚ್ಚಿಕೊಂಡ.

ಮೂಲೆಯಲ್ಲಿ ಕುಳಿತಿದ್ದ ಅಮ್ಮ ಎದ್ದು ಬಂದಳು. "ನಾನು ಕಣಪ್ಪಾ, ನಾನೇ ಅವಳ ಬಾಯಿ ಮುಚ್ಚಿಸಿದ್ದು. ಹೆತ್ತವಳೇ ಮಗಳನ್ನ ಕೂಡಿಹಾಕಿದೆ. ಜನ ಏನಂತಾರೋ ಅಂತ... ಆ ಜನಾನೇ ಗಾಡಿ ತಂದ್ರು." ಬರಿಗೈಯಲ್ಲೇ ಕಣ್ಣೊರೆಸಿಕೊಂಡು ಮಗಳ ತಲೆ ಸವರಿದಳು. "ಪುಟ್ಟೀ, ಈ ಸಲ ನಾನು ಹೇಳಿದ್ದು ಕೇಳಬೇಡ. ನಿನಗೇನನ್ಸುತ್ತೋ ಅದು ಮಾಡು."

ಚಿಟ್ಟೆ ಗೋಡೆಗೆ ಸಿಕ್ಕಿಸಿದ್ದ ಸ್ಕ್ಯಾನ್ ಚಿತ್ರಗಳನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅವಳಿಗೆ ಸಿಟ್ಟು ಬಂತು. ಎಂಥ ಸಿಟ್ಟು!

"ನೋಡಿ ಅದನ್ನ," ಎಂದಳು. "ಬಾಡಿಗೆ ಇಲ್ಲ, ಕೇಳೋರಿಲ್ಲ. ನನ್ನೊಳಗೆ ಹಾಯಾಗಿ ಆ ಮಗ್ಗುಲು ಈ ಮಗ್ಗುಲು ಉರುಳಾಡ್ಕೊಂಡಿದೆ. ಅಲುಗಾಡೋ ಹಾಗಿಲ್ಲದೆ ಕೂತಿರೋದು ನಾನು!"

"ಹಂಗಾದ್ರೆ?" ಅವನು ಉಸಿರು ಬಿಗಿಹಿಡಿದ.

"ಮೇಡಂನ ಕರೀರಿ. ಅದನ್ನ ಖಾಲಿ ಮಾಡಿಸೋಣ."

ಆಪರೇಷನ್ ದಿನ ಬೆಳಿಗ್ಗೆ ಗಾಲಿ ಮಂಚ ತಳ್ಳಿಕೊಂಡು ಹೋಗುವಾಗ ಅವನು ಜೊತೆಯಲ್ಲೇ ನಡೆದ. ಬಾಗಿಲ ಹತ್ತಿರ ನರ್ಸ್ ತಡೆದಳು.

"ಅವತ್ತಿನ ಪ್ರಶ್ನೆ ಈಗ ಕೇಳಿಬಿಡ್ಲಾ?" ಎಂದ.

"ಬೇಡ. ವಾಪಸ್ ಬಂದ ಮೇಲೆ ಕೇಳಿ. ಬರೋಕೆ ಒಂದು ಕೆಲಸ ಬಾಕಿ ಇರಲಿ ನನಗೆ."

ಬಾಗಿಲು ಮುಚ್ಚಿತು.

ಹೊರಗಿನ ಬೆಂಚಿನ ಮೇಲೆ ಅಮ್ಮ ಮತ್ತು ಅವನು ಒಬ್ಬರ ಮುಖ ಒಬ್ಬರು ನೋಡದೆ ಕುಳಿತರು. ಮಧ್ಯದಲ್ಲಿ ಇನ್ನಷ್ಟು ರಕ್ತ ಬೇಕೆಂದು ಯಾರೋ ಓಡಿಬಂದಾಗ ಅಮ್ಮ ದಡಕ್ಕನೆ ಎದ್ದು ನಿಂತಳು. ಅವನು ಅಮ್ಮನ ಕೈ ಹಿಡಿದುಕೊಂಡ. ಬೆಳಕು ಗೋಡೆಯಿಂದ ನೆಲಕ್ಕೆ, ನೆಲದಿಂದ ಎದುರು ಗೋಡೆಗೆ ಸರಿಯಿತು. ಕೊನೆಗೆ ಮೇಡಂ ಟೋಪಿ ತೆಗೆಯುತ್ತಾ ಹೊರಬಂದರು.

"ಗಟ್ಟಿಯಾಗಿ ಅಂಟಿತ್ತು, ಸಾಕುಸಾಕಾಯ್ತು ಬಿಡಿಸೋಕೆ. ಬಂತು. ಪೂರ್ತಿ ಬಂತು. ನಿಮ್ಮ ಹುಡುಗಿ ಗಟ್ಟಿ."

ಅಮ್ಮ ಅಲ್ಲೇ ಕುಸಿದು ಕುಳಿತು ಗಟ್ಟಿಯಾಗಿ ಅತ್ತಳು. ಯಾರು ಕೇಳಿಸಿಕೊಂಡರೂ ಅವಳಿಗೀಗ ಪರಿವೆಯಿರಲಿಲ್ಲ.

ಎಚ್ಚರವಾದಾಗ ಚಿಟ್ಟೆಗೆ ಮೊದಲು ತಿಳಿದದ್ದು ನೋವು. ಪಕ್ಕೆಯಿಂದ ಒಂದು ಕೊಳವೆ ಹೊರಬಂದು ಕೆಳಗಿನ ಬಾಟಲಿಗೆ ಸೇರಿತ್ತು. ಅದರಲ್ಲಿ ಕೆಂಪು ನೀರು.

"ಎದೆಯೊಳಗೆ ಉಳಿದಿದ್ದೆಲ್ಲ ಹೀಗೆ ಹೊರಗೆ ಬರುತ್ತೆ," ಎಂದಳು ನರ್ಸ್. "ಬಣ್ಣ ತಿಳಿಯಾಗ್ತಾ ಬಂದು, ಗಾಳಿ ಗುಳ್ಳೆ ನಿಂತ್ರೆ ಕೊಳವೆ ತೆಗೀತೀವಿ."

ಬಣ್ಣದವರಿಗೆ ಇಷ್ಟು ಹೇಳಿದರೆ ಸಾಕಲ್ಲ! ಅವನು ದಿನವೂ ಬಂದು ಮೊದಲು ಬಾಟಲಿಯ ಮುಂದೆ ಮಂಡಿಯೂರಿ ಕೂರುತ್ತಿದ್ದ.

"ನಿನ್ನೆಗಿಂತ ಒಂದು ಶೇಡ್ ಕಡಿಮೆ," ಎನ್ನುತ್ತಿದ್ದ.

"ಅರ್ಧ ಶೇಡ್," ಎನ್ನುತ್ತಿದ್ದಳು ಅವಳು ಮಲಗಿದಲ್ಲಿಂದಲೇ. "ನಿಮ್ಮ ನೆರಳು ಬಿದ್ದು ಹಾಗೆ ಕಾಣ್ತಿದೆ. ಪಕ್ಕಕ್ಕೆ ಸರೀರಿ."

ಕೆಂಪು ಗುಲಾಬಿಯಾಯಿತು. ಗುಲಾಬಿ ತಿಳಿ ಹಳದಿಗೆ ತಿರುಗಿತು.

ಆದರೆ ಒಂದು ಕೆಲಸ ಅವಳಿಂದ ಆಗುತ್ತಿರಲಿಲ್ಲ. ಕೆಮ್ಮುವುದು!

"ಕೆಮ್ಮಿ! ಜೋರಾಗಿ ಕೆಮ್ಮಬೇಕು. ಕಫ ಒಳಗೆ ನಿಂತ್ರೆ ಸೋಂಕಾಗುತ್ತೆ, ಉಳಿದ ಶ್ವಾಸಕೋಶ ಅರಳಲ್ಲ," ಎಂದು ಗದರುತ್ತಿದ್ದಳು ನರ್ಸ್.

ನೋವೂ ಇತ್ತು. ಆದರೆ ನೋವಿಗಿಂತ ಹೆಚ್ಚಾಗಿ ಅಭ್ಯಾಸ. ಕೆಮ್ಮು ಬಂದ ಕೂಡಲೇ ತುಟಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಕಣ್ಣು ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು. ಅದರಲ್ಲೂ ಅವನ ಮುಂದೆ... ಊಹೂಂ.

ಅವತ್ತು ಮಧ್ಯಾಹ್ನ ಜ್ವರ ಶುರುವಾಯಿತು. ಮೇಡಂ ಬಂದು ಎದೆಗೆ ಕಿವಿಗೊಟ್ಟರು. "ಇವತ್ತು ಕೆಮ್ಮದೇ ಇದ್ರೆ ಗಂಟಲಿಗೆ ಕೊಳವೆ ಇಳಿಸಿ ಕಫ ತೆಗೀಬೇಕಾಗುತ್ತೆ. ಎಲ್ಲ ಗೆದ್ದು ಇಲ್ಲಿ ಸೋಲ್ತೀರಾ?"

ಎಲ್ಲರೂ ಹೋದ ಮೇಲೆ ಅವನು ದಿಂಬು ತೆಗೆದುಕೊಂಡು ಅವಳ ಹೊಲಿಗೆಯ ಮೇಲೆ ಮೆತ್ತಗೆ ಒತ್ತಿ ಹಿಡಿದ, ನರ್ಸ್ ತೋರಿಸಿದ್ದ ಹಾಗೆ. ಮುಖದ ಹತ್ತಿರ ಮುಖ ತಂದ.

"ದೂರ ಹೋಗಿ ರೀ..."

"ಹೋಗಲ್ಲ."

"ನಿಮ್ಮ ಮುಂದೆ ಆಗಲ್ಲ."

"ನನ್ನ ಮುಂದೇ ಆಗಬೇಕು. ಎಷ್ಟು ಕೆಮ್ಮು ನುಂಗಿದೀರಿ ನನ್ನ ಪಕ್ಕದಲ್ಲಿ! ಅಷ್ಟೂ ವಾಪಸ್ ಕೊಡಿ. ಅಕ್ಕಪಕ್ಕದ ವಾರ್ಡಿಗೆಲ್ಲ ಕೇಳಿಸಲಿ. ನಾನು ಎಲ್ಲೂ ಓಡಿಹೋಗಲ್ಲ. ಕೆಮ್ಮು ಚಿಟ್ಟೆ!"

ಮೊದಲ ಸಲ ಅವನು ಏಕವಚನದಲ್ಲಿ ಕರೆದಿದ್ದ. ಮೊದಲ ಸಲ ಹೆಸರು ಹಿಡಿದು ಕರೆದ ಹಾಗೆ.

ಅವಳು ಅವನ ತೋಳು ಹಿಡಿದುಕೊಂಡಳು. ಕಣ್ಣು ಮುಚ್ಚಿ ಉಸಿರು ತುಂಬಿಕೊಂಡು ಕೆಮ್ಮಿದಳು. ಪ್ರಾಣ ಹೋಗುವಷ್ಟು ನೋವಾಯಿತು. ಮತ್ತೆ ಕೆಮ್ಮಿದಳು. ಅಳುತ್ತಾ ಕೆಮ್ಮಿದಳು. ಬಾಗಿಲು ತೆರೆದೇ ಇತ್ತು, ವರಾಂಡದಲ್ಲಿ ಜನ ಓಡಾಡುತ್ತಿದ್ದರು, ಯಾರೂ ತಿರುಗಿ ಕೂಡ ನೋಡಲಿಲ್ಲ. ಎದೆಯಲ್ಲಿ ಕಟ್ಟಿಕೊಂಡಿದ್ದು ಬಿಡಿಸಿಕೊಂಡು ಬಂತು. ಆಮೇಲೆ ಗಾಳಿ... ಎಷ್ಟೊಂದು ಗಾಳಿ!

"ಅಯ್ಯೋ," ಎಂದಳು ಬೆರಗಿನಿಂದ. "ಉಸಿರು ಪೂರ್ತಿ ಹೋಗ್ತಿದೆ ರೀ ಒಳಗೆ."

ಅವನು ದಿಂಬಿನ ಮೇಲೆ ತಲೆಯಿಟ್ಟು ಮಕ್ಕಳ ಹಾಗೆ ಅತ್ತುಬಿಟ್ಟ.

ಜ್ವರ ಇಳಿಯಿತು. ಬಾಟಲಿಯ ನೀರು ತಿಳಿಯಾಗಿ ಗುಳ್ಳೆ ನಿಂತಿತು. ಕೊಳವೆ ತೆಗೆದರು.

ಮನೆಗೆ ಹೊರಡುವ ಬೆಳಿಗ್ಗೆ ಅಮ್ಮ ಔಷಧಿ ತರಲು ಹೋಗಿದ್ದಳು. ಚಿಟ್ಟೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದಳು. ಅವನು ಚೀಲ ಕಟ್ಟುತ್ತಿದ್ದ. ಅವಳಿಗೆ ಸಣ್ಣ ಕೆಮ್ಮು ಬಂತು. ನುಂಗಲಿಲ್ಲ. ಹೊಸ ಕರ್ಚೀಫ್ ತೆಗೆದು ಆರಾಮವಾಗಿ ಕೆಮ್ಮಿದಳು. ಬಿಡಿಸಿ ನೋಡಿ, ತಾನೇ ಅವನತ್ತ ಚಾಚಿದಳು.

"ಮಾಸ್ಟರ್, ಈ ಬಣ್ಣ ಯಾರದ್ದು?"

ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಆ ಕಡೆ ತಿರುಗಿಸಿ, ಈ ಕಡೆ ತಿರುಗಿಸಿ ನೋಡಿದ. ಒಂದು ಚುಕ್ಕೆಯೂ ಇರಲಿಲ್ಲ.

"ಬಿಳಿ," ಎಂದ. "ಬರೀ ಬಿಳಿ. ಇದು ನಮ್ಮದೇ."

"ನಮ್ಮದೇ ಅಂದ್ರೆ?"

"ಅವತ್ತು ಸಂಜೆ ಕೇಳಬೇಕು ಅಂತಿದ್ದಿದ್ದು ಇದನ್ನೇ. ನನ್ನದು ನಿನ್ನದು ಎಲ್ಲ 'ನಮ್ಮದು' ಮಾಡ್ಕೊಳ್ಳೋಣ್ವಾ ಅಂತ. ಎದೇಲಿ ಒಂದು ಭಾಗ ಕಡಿಮೆ ಇದೆ, ಆಗಲ್ಲ ಅಂತ ಮಾತ್ರ ಹೇಳಬೇಡ."

ಚಿಟ್ಟೆ ನಕ್ಕಳು. ಹೊಲಿಗೆ ಎಳೆದು ನೋವಾಯಿತು, ಆದರೂ ನಕ್ಕಳು.

"ಖಾಲಿ ಮಾಡಿಸಿದ ಜಾಗ ಸುಮ್ನೆ ಬಿಟ್ರೆ ಏನೇನೋ ಸೇರ್ಕೊಳ್ಳುತ್ತೆ ಅಂತ ನನಗೀಗ ಚೆನ್ನಾಗಿ ಗೊತ್ತು ರೀ," ಎಂದಳು. "ನೀವೇ ಬಂದುಬಿಡಿ."

"ಬಾಡಿಗೆ ಎಷ್ಟು?"

"ದಿನಾ ಒಂದು ಜಗಳ."

ಅವನು ಅವಳ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕುಳಿತ. ಅವಳು ಮುಖ ಆ ಕಡೆ ತಿರುಗಿಸಲಿಲ್ಲ. ಅವನ ಹೆಗಲಿಗೆ ತಲೆಯಾನಿಸಿ, ಅಮ್ಮ ಬರುವವರೆಗೂ ನಿಧಾನವಾಗಿ ಉಸಿರಾಡುತ್ತಾ ಕುಳಿತಳು.